ಬೆಳಗಾಗುವಷ್ಟರಲ್ಲಿ ಅಳಿಸಿಹೋಗುವ ಬರಹ

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಆಗ ಎಂ.ಎ. ಓದುತ್ತಿದ್ದ ನಾನು ಹಾಸ್ಟೆಲ್ ಖಾಲಿ ಮಾಡಿಕೊಂಡು ಹಿರಿಯೂರಿನ ಮನೆಗೆ ಬಂದು ಹತ್ತು ದಿನವಾಗಿತ್ತಷ್ಟೆ. ಚೀನಾದ ವುಹಾನ್ ನಗರದಲ್ಲಿ ಫಾಂಗ್ ಫಾಂಗ್ ಎಂಬ ಲೇಖಕಿ ತಮ್ಮ ಅರುವತ್ತನೆಯ, ಕೊನೆಯ ದಿನಚರಿಗೆ ಹಾಕಿದ ತಾರೀಖೂ ಅದೇ ಮಾರ್ಚ್ 24. ಅಲ್ಲಿ ಬರವಣಿಗೆ ಮುಗಿದ ದಿನವೇ ಇಲ್ಲಿ ಬಾಗಿಲು ಮುಚ್ಚಿತು. ಇದು ಕಾಕತಾಳೀಯ, ನಿಜ. ಆದರೂ ಮೈಕಲ್ ಬೆರಿ ಅವರ ಇಂಗ್ಲಿಷ್ ಅನುವಾದದಲ್ಲಿ ‘ವುಹಾನ್ ಡೈರಿ’ ಓದುವಾಗೆಲ್ಲ ಆ ತಾರೀಖು ನನ್ನನ್ನು ತಡೆದು ನಿಲ್ಲಿಸುತ್ತದೆ. ಕಾರಣವನ್ನು ಕೊನೆಗೆ ಹೇಳುತ್ತೇನೆ.

ಫಾಂಗ್ ಫಾಂಗ್ 1955ರಲ್ಲಿ ಹುಟ್ಟಿದವರು. ಕಾದಂಬರಿಕಾರ್ತಿ, ಲು ಶುನ್ ಸಾಹಿತ್ಯ ಪ್ರಶಸ್ತಿ ಪಡೆದವರು, ಹುಬೆ ಪ್ರಾಂತದ ಲೇಖಕರ ಸಂಘಕ್ಕೆ ಅಧ್ಯಕ್ಷೆಯಾಗಿದ್ದವರು. ಅಂದರೆ ವ್ಯವಸ್ಥೆಯ ಒಳಗೇ ಬದುಕಿದವರು. 2020ರ ಜನವರಿ 23ರಂದು ಒಂದು ಕೋಟಿಗೂ ಮೀರಿದ ಜನರಿರುವ ವುಹಾನ್‌ಗೆ ಬೀಗ ಬಿತ್ತು. ಎರಡು ದಿನ ಬಿಟ್ಟು, ಚೀನೀಯರ ಹೊಸ ವರ್ಷದ ಮೊದಲ ದಿನ, ಅವರು ವೈಬೊ ಎಂಬ ಜಾಲತಾಣದಲ್ಲಿ ದಿನಚರಿ ಬರೆಯಲು ಶುರುಮಾಡಿದರು. ಖಾತೆಗೆ ತಡೆ ಬಿದ್ದಾಗ ಅರ್‌ಶಿಯಾಂಗ್ ಎಂಬ ಇನ್ನೊಬ್ಬ ಲೇಖಕಿ ತಮ್ಮ ವಿಚ್ಯಾಟ್ ಖಾತೆಯಲ್ಲಿ ಅವನ್ನು ಹಾಕಿದರು. ಅಲ್ಲಿಯೂ ಕೆಲವು ಮಾಯವಾದವು. ಲಕ್ಷಾಂತರ ಓದುಗರು ನಿದ್ದೆಗೆಟ್ಟು ಕಾಯುತ್ತಿದ್ದರು. ಬೆಳಗಾಗುವಷ್ಟರಲ್ಲಿ ಆ ಬರಹ ಅಲ್ಲಿರುತ್ತದೆಂಬ ಖಾತ್ರಿ ಯಾರಿಗೂ ಇರಲಿಲ್ಲ.

ಈ ಪುಸ್ತಕದ ಬಗ್ಗೆ ನಡೆದಿರುವ ಮಾತು ಹೆಚ್ಚಾಗಿ ಎರಡೇ ಬಗೆಯದು. ಒಂದು ಕಡೆಯವರಿಗೆ ಫಾಂಗ್ ಫಾಂಗ್ ವೀರವನಿತೆ. ಇನ್ನೊಂದು ಕಡೆಯವರಿಗೆ ದೇಶದ್ರೋಹಿ, ಪಾಶ್ಚಾತ್ಯರ ಕೈಗೆ ಚಾಕು ಕೊಟ್ಟವಳು. ಇಬ್ಬರೂ ಪುಸ್ತಕವನ್ನು ಸರಿಯಾಗಿ ಓದಿದಂತೆ ನನಗೆ ಕಾಣುವುದಿಲ್ಲ. ತೆರೆದು ನೋಡಿ: ಹವಾಮಾನ, ವಯಸ್ಸಾದ ನಾಯಿಗೆ ಆಹಾರ ಎಷ್ಟು ಉಳಿದಿದೆ, ಮಾಸ್ಕ್ ಎಲ್ಲಿ ಸಿಕ್ಕೀತು, ಅಕ್ಕಪಕ್ಕದವರು ಒಟ್ಟಾಗಿ ತರಕಾರಿ ಹೇಗೆ ತರಿಸಿಕೊಂಡರು. ಇವುಗಳ ನಡುವೆ, ದನಿ ಏರಿಸದೆ, ಒಬ್ಬ ಪರಿಚಿತರ ಸಾವು. ಸರ್ಕಾರದ ಕೆಲವು ಕ್ರಮಗಳನ್ನು ಅವರು ಮೆಚ್ಚುತ್ತಾರೆ, ಜನ ತಾಳ್ಮೆಯಿಂದಿರಲಿ ಎನ್ನುತ್ತಾರೆ. ಬಿಡದೆ ಹಿಡಿದ ಹಟ ಒಂದೇ: ಮೊದಲ ದಿನಗಳಲ್ಲಿ ಸುದ್ದಿ ಮುಚ್ಚಿಟ್ಟವರು ಯಾರು, ಅವರು ಹೊಣೆ ಹೊರಬೇಕು. ಹೇಳಿದ್ದನ್ನೇ ಹೇಳುತ್ತಾರೆ. ಸಾಹಿತ್ಯ ಕೃತಿಯೆಂದು ನೋಡಿದರೆ ಇದು ದೋಷ, ಕೆಲವು ಪುಟ ನಿಜಕ್ಕೂ ಬೇಸರ ತರಿಸುತ್ತವೆ. ಆದರೆ ನಿನ್ನೆ ಹೇಳಿದ್ದು ಅಳಿಸಿಹೋಗಿದ್ದರೆ ಇವತ್ತು ಮತ್ತೆ ಹೇಳದೆ ಬೇರೆ ದಾರಿ ಏನಿದೆ? ಪುಸ್ತಕದಲ್ಲಿ ಪುನರುಕ್ತಿಯಾಗಿ ಕಾಣುವುದು ಪರದೆಯ ಮೇಲೆ ಪಟ್ಟುಬಿಡದ ನಿಲುವಾಗಿತ್ತು.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆಯದು. ‘ನನ್ನ ವೈದ್ಯ ಸ್ನೇಹಿತರೊಬ್ಬರು ಹೇಳಿದರು’ ಎಂಬ ಧಾಟಿ ಈ ದಿನಚರಿಯ ಉದ್ದಕ್ಕೂ ಇದೆ. ಫೆಬ್ರವರಿಯ ಒಂದು ಬರಹದಲ್ಲಿ ಸ್ನೇಹಿತರು ಕಳಿಸಿದ ಚಿತ್ರವೊಂದರ ಪ್ರಸ್ತಾಪ ಬರುತ್ತದೆ: ಚಿತಾಗಾರದ ನೆಲದ ಮೇಲೆ ರಾಶಿಬಿದ್ದ ವಾರಸುದಾರರಿಲ್ಲದ ಮೊಬೈಲ್ ಫೋನ್‌ಗಳು. ಆ ಚಿತ್ರವನ್ನು ಅವರು ಓದುಗರಿಗೆ ತೋರಿಸಲಿಲ್ಲ. ಇದು ಗಾಳಿಸುದ್ದಿ ಎಂದು ವಿರೋಧಿಗಳು ಮುಗಿಬಿದ್ದರು. ವರದಿಗಾರಿಕೆಯ ಕಟ್ಟಳೆಯಲ್ಲಿ ನೋಡಿದರೆ ಇದು ದುರ್ಬಲ ಜಾಗವೇ. ಮನೆಯೊಳಗೇ ಕೂತು ಬರೆದವರ ಮಿತಿ ಇದು, ಒಪ್ಪಿಕೊಳ್ಳಬೇಕು.

ಆದರೆ ಆ ನಗರದಲ್ಲಿ ‘ಗಾಳಿಸುದ್ದಿ’ ಎಂಬ ಪದಕ್ಕೆ ಏನು ಗತಿಯಾಗಿತ್ತು ನೋಡಿ. ವೈದ್ಯ ಲಿ ವೆನ್‌ಲಿಯಾಂಗ್ 2019ರ ಡಿಸೆಂಬರ್ 30ರಂದು ಸಹಪಾಠಿಗಳ ವಿಚ್ಯಾಟ್ ಗುಂಪಿನಲ್ಲಿ ಹೊಸ ಕಾಯಿಲೆಯ ಬಗ್ಗೆ ಎಚ್ಚರಿಸಿದರು. ಸುಳ್ಳು ಹಬ್ಬಿಸಿದ್ದಕ್ಕೆಂದು ಜನವರಿ 3ರಂದು ಪೊಲೀಸರು ಅವರಿಂದ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು. ಫೆಬ್ರವರಿ 7ರಂದು ಅದೇ ಸೋಂಕಿಗೆ ಅವರು ತೀರಿಕೊಂಡರು. ಮಾರ್ಚ್‌ನಲ್ಲಿ ಪೊಲೀಸರು ಮುಚ್ಚಳಿಕೆ ಹಿಂತೆಗೆದುಕೊಂಡು ಅವರ ಕುಟುಂಬದ ಕ್ಷಮೆ ಕೇಳಿದರು. ಅಧಿಕೃತ ಮಾತು ಸುಳ್ಳಾಗಿ, ಗಾಳಿಮಾತು ನಿಜವಾದ ಊರಿನಲ್ಲಿ ಕೇಳಿದ್ದನ್ನು ಬರೆದಿಡುವುದು ಸಣ್ಣ ಕೆಲಸವಲ್ಲ. ಲಿ ಅವರ ಕೊನೆಯ ವೈಬೊ ಪೋಸ್ಟಿನ ಕೆಳಗೆ ಜನ ಆಮೇಲೆಯೂ ಬರೆಯುತ್ತಲೇ ಹೋದರು. ‘ಡಾಕ್ಟರೇ, ಇವತ್ತು ಮಳೆ’ ಎಂಬಂಥ ಮಾತುಗಳು. ಸತ್ತವರೊಬ್ಬರ ಗೋಡೆ ಊರವರ ದಿನಚರಿಯಾಯಿತು.

ಈ ಕಾಲದ ನಿಜವಾದ ಸಾಹಿತ್ಯಕ ಪ್ರಯೋಗ ನಡೆದದ್ದು ಮಾರ್ಚ್ 10ರಂದು. ವುಹಾನ್‌ನ ವೈದ್ಯೆ ಐ ಫೆನ್ ಅವರ ಸಂದರ್ಶನ ‘ರೆನ್ವು’ ಪತ್ರಿಕೆಯಲ್ಲಿ ಬಂತು. ಸೀಟಿ ಊದಿದವರಿಗೆ ಆ ಸೀಟಿ ಕೊಟ್ಟವಳು ನಾನು ಎಂಬುದು ಅದರ ಧ್ವನಿ. ಪ್ರಕಟವಾದ ಬೆನ್ನಿಗೇ ಅದು ಮಾಯ. ಓದುಗರು ಅದನ್ನು ಮತ್ತೆ ಮತ್ತೆ ಹಾಕತೊಡಗಿದರು: ಹಿಂದುಮುಂದಾಗಿ, ಇಮೋಜಿಗಳಲ್ಲಿ, ಮೋರ್ಸ್ ಸಂಕೇತದಲ್ಲಿ, ಮೂರು ಸಾವಿರ ವರ್ಷದ ಹಿಂದೆ ಮೂಳೆಯ ಮೇಲೆ ಕೊರೆಯುತ್ತಿದ್ದ ಲಿಪಿಯಲ್ಲಿ. ಕನ್ನಡದ ಓದುಗರಿಗೆ ತಕ್ಷಣ ಬೆಡಗಿನ ವಚನ ನೆನಪಾಗಬಹುದು. ಹೋಲಿಕೆ ಒಂದು ಹಂತದವರೆಗೆ ಸರಿ. ಅಲ್ಲಮನ ಬೆಡಗು ಮಾತಿಗೆ ಸಿಗದ್ದನ್ನು ಹಿಡಿಯಲು ಒಗಟಾಗುತ್ತದೆ. ಇಲ್ಲಿ ಹೇಳಬೇಕಾದದ್ದು ಸರಳವಾಗಿಯೇ ಇತ್ತು, ಅಳಿಸುವ ಯಂತ್ರದ ಕಣ್ಣು ತಪ್ಪಿಸಲು ಅದು ಒಗಟಾಗಬೇಕಾಯಿತು. ಮೋರ್ಸ್‌ನಲ್ಲಿದ್ದ ಸಂದರ್ಶನವನ್ನು ಎಷ್ಟು ಜನ ಪೂರ್ತಿ ಬಿಡಿಸಿ ಓದಿರಬಹುದು? ಹಂಚುವುದೇ ಅಲ್ಲಿ ಓದಾಗಿತ್ತು.

ಇಷ್ಟೆಲ್ಲ ಆದ ಮೇಲೆ ದಿನಚರಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಕಾಯಿಲೆಯ ಮೂಲ ಕೇಂದ್ರ ಎಂಬರ್ಥದ ಉಪಶೀರ್ಷಿಕೆಯನ್ನು ಪ್ರಕಾಶಕರು ಮೊದಲು ಇಟ್ಟಿದ್ದರು. ಗದ್ದಲವೆದ್ದ ಮೇಲೆ ಬದಲಿಸಿದರು. ಕಾಯುತ್ತಿದ್ದ ಓದುಗರಲ್ಲೇ ಹಲವರು ತಿರುಗಿಬಿದ್ದರು. ನನ್ನ ತಕರಾರು ಬೇರೆ. ಪುಸ್ತಕದ ಪುಟ ತೀರಾ ಸ್ಥಿರವಾಗಿದೆ. ಯಾವ ಬರಹ ಎಷ್ಟು ಗಂಟೆ ಉಳಿಯಿತು, ಎಲ್ಲಿ ಅಳಿಯಿತು, ಕೆಳಗೆ ಯಾರು ಏನು ಬರೆದರು ಎಂಬ ಸದ್ದು ಅಲ್ಲಿ ಕೇಳುವುದಿಲ್ಲ. ಹಾಗೆಂದು ಮುದ್ರಣವೇ ಭದ್ರವೆನ್ನಲೂ ಆಗದು. ಭೂಸುಧಾರಣೆಯ ಹಿಂಸೆಯ ಬಗ್ಗೆ ಅವರು ಬರೆದ, 2016ರಲ್ಲಿ ಬಂದ ಕಾದಂಬರಿ ಮರುವರ್ಷವೇ ಅಂಗಡಿಗಳಿಂದ ಮರೆಯಾಗಿತ್ತು.

ಇನ್ನೊಂದು ಮಾತು ಸೇರಿಸದಿದ್ದರೆ ಈ ಓದು ಅರ್ಧವಾಗುತ್ತದೆ. ಫಾಂಗ್ ಫಾಂಗ್‌ಗೆ ಹೆಸರಿತ್ತು, ಆ ಹೆಸರು ಸ್ವಲ್ಪವಾದರೂ ಕಾದಿತು. ಶಾಂಘೈಯಿಂದ ವುಹಾನ್‌ಗೆ ಹೋಗಿ ಬೀದಿ, ಆಸ್ಪತ್ರೆಗಳ ವಿಡಿಯೊ ಹಾಕಿದ ವಕೀಲೆ ಝಾಂಗ್ ಝಾನ್‌ಗೆ ಅದೇ ವರ್ಷ ಡಿಸೆಂಬರ್‌ನಲ್ಲಿ ನಾಲ್ಕು ವರ್ಷದ ಜೈಲುಶಿಕ್ಷೆಯಾಯಿತು. ಆನ್‌ಲೈನ್ ಅಭಿವ್ಯಕ್ತಿಯ ಬಗ್ಗೆ ಮಾತಾಡುವಾಗ ನಾವು ಚೆನ್ನಾಗಿ ಬರೆದವರನ್ನು ಮಾತ್ರ ನೆನೆಯುತ್ತೇವೆ. ಸಾಹಿತ್ಯ ವಿಮರ್ಶೆಯ ರೂಢಿ ಇದು, ಪಕ್ಷಪಾತವೂ ಹೌದು.

ಈಗ ಆ ತಾರೀಖಿನ ವಿಷಯ. ಮಾರ್ಚ್ 24 ಕಳೆದು ನಾಲ್ಕೈದು ದಿನಕ್ಕೆ ನಮ್ಮೂರಿನ ಹೆದ್ದಾರಿಯಲ್ಲಿ ಗಂಟುಮೂಟೆ ಹೊತ್ತು ನಡೆದು ಹೋಗುತ್ತಿದ್ದವರನ್ನು ಕಂಡೆ. ಹೆಗಲ ಮೇಲೆ ಮಗುವಿದ್ದ ಒಬ್ಬ ನೀರು ಕೇಳಿದ, ಕೊಟ್ಟೆ. ರಾತ್ರಿ ಫೇಸ್‌ಬುಕ್‌ನಲ್ಲಿ ಆರು ಸಾಲು ಬರೆದೆ. ಅರ್ಧ ಗಂಟೆಗೆ ಹಿರಿಯ ಮೇಷ್ಟ್ರೊಬ್ಬರ ಫೋನು: ‘ಯಾಕಮ್ಮ ಬೇಕಿತ್ತು ಇದೆಲ್ಲ? ನಾಳೆ ಪಿಎಚ್.ಡಿ.ಗೆ ಬರೋಳು ನೀನು.’ ಬೆದರಿಕೆಯ ದನಿ ಇರಲಿಲ್ಲ, ಕಾಳಜಿಯೇ ಇತ್ತು. ‘ಆಯ್ತು ಸರ್’ ಎಂದು ನಾನೇ ಅಳಿಸಿದೆ. ಯಾವ ಯಂತ್ರವೂ ಬೇಕಾಗಲಿಲ್ಲ.

ಫಾಂಗ್ ಫಾಂಗ್ ಅವರನ್ನು ಓದುವಾಗ ಅವರ ಧೈರ್ಯಕ್ಕಿಂತ ಹೆಚ್ಚು ಕಾಡುವುದು ಅವರ ಮರುದಿನ. ಅಳಿಸಿಹೋದದ್ದನ್ನು ಅವರು ಮಾರನೆಯ ರಾತ್ರಿ ಮತ್ತೆ ಬರೆದರು. ನಾನು ಆ ಆರು ಸಾಲುಗಳನ್ನು ನೆನಪು ಮಾಡಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ನೀರು ಕೇಳಿದವನ ಮುಖ ನೆನಪಿದೆ. ಸಾಲುಗಳು ಬರುವುದಿಲ್ಲ.