ಗುರುವಿನ ಬಿಲ್ಲು, ಶಿಷ್ಯನ ಗ್ರಂಥ

ಬೇಟೆಯನ್ನು ಕುರಿತ ಗ್ರಂಥವೊಂದರ ವಿಮರ್ಶೆಗೆ ಈ ಪುಟಗಳಲ್ಲಿ ಎಡೆಯೇಕೆಂದು ಕೆಲವರು ವಾಚಕರು ಕೇಳಿಯಾರು. ದಯೆಯನ್ನು ಧರ್ಮದ ಮೂಲವೆಂದು ತಿಳಿದು ಬೆಳೆದವರಿಗೆ ಜಿಂಕೆಯನ್ನು ಹೊಡೆಯುವ ವಿದ್ಯೆ ರುಚಿಸುವ ವಸ್ತುವಲ್ಲ. ಆದರೂ ಬಿಲ್ಲು ಹಿಡಿದ ಬೇಡನೊಬ್ಬನನ್ನು ಪುರಾತನರ ಸಾಲಿನಲ್ಲಿ ಕುಳ್ಳಿರಿಸಿ, ಕಣ್ಣಪ್ಪನೆಂದು ಕೊಂಡಾಡಿದ್ದು ಇದೇ ಪರಂಪರೆ. ಹರಿಹರನು ಅವನಿಗಾಗಿ ಒಂದು ರಗಳೆಯನ್ನೇ ಮೀಸಲಿಟ್ಟನು. ತಮಿಳಿನ ಸೇಕ್ಕಿಳಾರನು ಪೆರಿಯಪುರಾಣದಲ್ಲಿ ಅವನ ಬಿಲ್ಗಲಿಕೆಯನ್ನೂ ಮೊದಲ ಬೇಟೆಯನ್ನೂ ವಿಸ್ತಾರವಾಗಿ ವರ್ಣಿಸಿ, ಆ ಬೇಡರು ಎಳೆಯ ಮರಿಗಳನ್ನು ಕೊಲ್ಲದೆ, ಹೊಟ್ಟೆಯಲ್ಲಿ ಮರಿಯನ್ನು ಹೊತ್ತು ಹೆಜ್ಜೆ ತಡವರಿಸುವ ಹೆಣ್ಣುಜಿಂಕೆಗಳನ್ನು ಅಲೆಸದೆ ಬಿಟ್ಟರೆಂಬ ಸಂಗತಿಯನ್ನು ಮರೆಯದೆ ಹೇಳಿದನು. ಬಿಲ್ಲನ್ನು ಹಿಡಿದವನಿಗೂ ಒಂದು ಕಟ್ಟು ಉಂಟೆಂಬ ಈ ತಿಳಿವಳಿಕೆಯಿಂದ ನೋಡಿದರೆ, ಅಮೆರಿಕದಲ್ಲಿ ೧೯೨೩ರಲ್ಲಿ ಪ್ರಕಟವಾದ 'ಹಂಟಿಂಗ್ ವಿತ್ ದಿ ಬೋ ಅಂಡ್ ಆ್ಯರೋ' ಎಂಬ ಗ್ರಂಥವು ನಮ್ಮವರೂ ಓದಿ ತೂಗಿ ನೋಡಬೇಕಾದುದೇ ಆಗಿದೆ.

ಗ್ರಂಥಕರ್ತನು ಡಾ. ಸ್ಯಾಕ್ಸ್‌ಟನ್ ಪೋಪ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಶಸ್ತ್ರವೈದ್ಯವನ್ನು ಬೋಧಿಸುತ್ತಿದ್ದವನು. ಇಂದು ಆ ದೇಶದಲ್ಲಿ ಬಿಲ್ಲಿನಿಂದ ಜಿಂಕೆಯ ಬೇಟೆಯನ್ನು ಕಲಿಯುವವರು ಈತನನ್ನು ಮೂಲಪುರುಷನೆಂದು ಎಣಿಸುತ್ತಾರೆ. ಈತನ ಹೆಸರನ್ನೂ ಸಹಚರ ಆರ್ಥರ್ ಯಂಗನ ಹೆಸರನ್ನೂ ಹೊತ್ತ ಸಂಘವೊಂದು ೧೯೬೧ರಲ್ಲಿ ಅಲ್ಲಿ ಸ್ಥಾಪಿತವಾಯಿತು. ವಿಸ್ಕಾನ್ಸಿನ್ ಪ್ರಾಂತವು ಬಿಲ್ಲುಗಾರರಿಗೆಂದೇ ಜಿಂಕೆಯ ಬೇಟೆಯ ಋತುವೊಂದನ್ನು ೧೯೩೪ರಲ್ಲಿ ಗೊತ್ತುಮಾಡಿದ ಮೇಲೆ ಇತರ ಪ್ರಾಂತಗಳೂ ಅದೇ ದಾರಿಯನ್ನು ಹಿಡಿದವು. ಹೀಗೆ ಒಂದು ಗ್ರಂಥದ ಪ್ರಭಾವವು ಕಾಯಿದೆಗಳ ಕಾಲದವರೆಗೂ ಹರಿದು ಬಂದಿದೆ. ಆದರೆ ಮೂಲಪುರುಷನಿಗೂ ಒಬ್ಬ ಗುರುವಿದ್ದನು. ಗ್ರಂಥದ ಗುಣವೂ ದೋಷವೂ ಆ ಗುರುವಿನೊಡನೆ ಶಿಷ್ಯನು ನಡೆದುಕೊಂಡ ರೀತಿಯಲ್ಲಿಯೇ ಅಡಗಿವೆ.

ಗುರುವಿನ ಹೆಸರು ಇಶಿ. ಹೆಸರೆಂದರೂ ಅದು ಹೆಸರಲ್ಲ. ಯಾನಾ ಭಾಷೆಯಲ್ಲಿ ಆ ಪದಕ್ಕೆ 'ಮನುಷ್ಯ' ಎಂದಷ್ಟೇ ಅರ್ಥ. ತನ್ನ ನಿಜನಾಮವನ್ನು ಆತನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲವಾಗಿ, ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರನು ಆ ಪದದಿಂದ ಕರೆದನು. ಇಶಿ ಯಾಹಿ ಎಂಬ ಪಂಗಡದವನು. ೧೮೪೯ರ ಚಿನ್ನದ ಹುಚ್ಚಿನ ತರುವಾಯ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಬಿಳಿಯರು ಆ ಪಂಗಡವನ್ನು ಬೇಟೆಯಾಡಿದರೆಂಬುದು ಅಲಂಕಾರದ ಮಾತಲ್ಲ. ೧೮೬೦ರ ದಶಕದ ಕಗ್ಗೊಲೆಗಳಲ್ಲಿ ಅಳಿದು ಉಳಿದ ಕೆಲವೇ ಮಂದಿ ಡೀರ್ ಕ್ರೀಕ್ ಎಂಬ ಹೊಳೆಯ ಕೊಳ್ಳಗಳಲ್ಲಿ ಹಲವು ದಶಕಗಳ ಕಾಲ ಅಡಗಿ ಬಾಳಿದರು. ಹೊಗೆ ಕಾಣಬಾರದು, ಹೆಜ್ಜೆ ಮೂಡಬಾರದು, ಸದ್ದು ಕೇಳಬಾರದು. ಬಂದೂಕು ಅವರಿಗೆ ಮೃತ್ಯುವನ್ನೇ ಕರೆಯುವ ಗಂಟೆಯಾಗುತ್ತಿತ್ತು. ಮೌನವಾದ ಬಿಲ್ಲೊಂದೇ ಅವರ ಅನ್ನ. ೧೯೦೮ರಲ್ಲಿ ಭೂಮಾಪಕರ ತಂಡವೊಂದು ಅವರ ಅಡಗುದಾಣಕ್ಕೆ ಬಂದು ಬಾಣ, ಬುಟ್ಟಿ, ತುಪ್ಪಳದ ಹೊದಿಕೆಗಳನ್ನು ನೆನಪಿನ ಕಾಣಿಕೆಗಳೆಂದು ಎತ್ತಿಕೊಂಡು ಹೋಯಿತು. ೧೯೧೧ರ ಆಗಸ್ಟ್ ೨೯ರಂದು ಆರೋವಿಲ್ ಪಟ್ಟಣದ ಬಳಿ ಹಸಿದು ಬಳಲಿದ ಇಶಿ ಒಬ್ಬಂಟಿಯಾಗಿ ಕಾಣಿಸಿಕೊಂಡನು. ಅಲ್ಲಿಂದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯವೇ ಆತನ ಮನೆಯಾಯಿತು.

ಸಂಗ್ರಹಾಲಯದ ಮಗ್ಗುಲಲ್ಲಿಯೇ ಆಸ್ಪತ್ರೆ. ಇಶಿಯ ಆರೋಗ್ಯವನ್ನು ನೋಡಿಕೊಳ್ಳಲು ಬಂದ ಪೋಪನು ೧೯೧೨ರಿಂದ ಆತನ ಬಿಲ್ಲುವಿದ್ಯೆಯ ವಿದ್ಯಾರ್ಥಿಯಾದನು. ಶಸ್ತ್ರವೈದ್ಯನ ಕೈಚಳಕಕ್ಕಿಂತ ಆತನು ಬಿಡುವಿನಲ್ಲಿ ತೋರಿಸುತ್ತಿದ್ದ ಕಣ್ಕಟ್ಟಿನ ಆಟಗಳೇ ಇಶಿಗೆ ಹೆಚ್ಚು ಮೆಚ್ಚುಗೆಯಾದವೆಂದು ಪೋಪನೇ ನಗುತ್ತ ಬರೆದುಕೊಂಡಿದ್ದಾನೆ. ತನ್ನನ್ನು ತಾನು ಹಾಸ್ಯಮಾಡಿಕೊಳ್ಳಬಲ್ಲ ಈ ಗುಣವು ಗ್ರಂಥಕ್ಕೆ ಒಂದು ಹಿತವಾದ ತಿಳಿತನವನ್ನು ತಂದಿದೆ.

ಗ್ರಂಥದ ಮೊದಲ ಮೂರು ಅಧ್ಯಾಯಗಳು ಇಶಿಗೆ ಸಲ್ಲುತ್ತವೆ: ಆತನ ಕಥೆ, ಆತನ ಬಿಲ್ಲುಬಾಣಗಳ ನಿರ್ಮಾಣ, ಆತನ ಬೇಟೆಯ ಕ್ರಮ. ಇವು ನಿಜವಾಗಿಯೂ ಉತ್ತಮ ಗದ್ಯ. ಬಿಲ್ಲಿನ ವರ್ಣನೆಯನ್ನು ನೋಡಬೇಕು. ಬೆಟ್ಟದ ಜೂನಿಪರ್ ಮರದ ಚಪ್ಪಟೆಯಾದ, ಗಿಡ್ಡನೆಯ ಬಿಲ್ಲು. ಉದ್ದ ೪೨ ಅಂಗುಲ. ಆದರೆ ಇಶಿಗೆ ಅಂಗುಲವಿಲ್ಲ. ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಮಗ್ಗುಲಿನ ಸೊಂಟದವರೆಗೆ ಎಷ್ಟೋ ಅಷ್ಟು ಎಂಬುದೇ ಆತನ ಅಳತೆ. ಪೋಪನು ಎರಡನ್ನೂ ಕೊಟ್ಟಿರುವುದು ಪ್ರಶಂಸನೀಯ. ಮರದ ತುದಿಗಳನ್ನು ಕಾದ ಕಲ್ಲಿನ ಮೇಲೆ ಹಿಮ್ಮುಖವಾಗಿ ಬಾಗಿಸಿ, ಬೇರೊಂದು ಮರಕ್ಕೆ ಬಿಗಿದು, ಕತ್ತಲೆಯ ಒಣ ಜಾಗದಲ್ಲಿ ಬಹುಕಾಲ ಇಡಬೇಕು. ಹೀಗೆ ಆಚೆಗೆ ಮರುಬಾಗಿದ ತುದಿಗಳು ಗಿಡ್ಡ ಬಿಲ್ಲಿಗೂ ಉದ್ದ ಬಿಲ್ಲಿನ ಸೆಳೆತವನ್ನು ಕೊಡುತ್ತವೆ. ಪೊದೆಗಳ ನಡುವೆ ಬಾಗಿ ಸರಿಯುವ ಬೇಡನಿಗೆ ಉದ್ದ ಬಿಲ್ಲು ಹೊರೆ. ಬಿಲ್ಲಿನ ಬೆನ್ನಿಗೆ ಜಿಂಕೆಯ ನರಗಳನ್ನು ಬಾಯಲ್ಲಿ ಅಗಿದು, ಎಳೆಎಳೆಯಾಗಿ ಬಿಡಿಸಿ, ಸಾಲ್ಮನ್ ಮೀನಿನ ಚರ್ಮವನ್ನು ಕುದಿಸಿ ಮಾಡಿದ ಅಂಟಿನಿಂದ ಹಚ್ಚಬೇಕು. ಬಾಗುವಾಗ ಮರವು ಬೆನ್ನಿನ ಕಡೆ ಸೀಳದಂತೆ ಈ ನರವು ತಡೆಯುತ್ತದೆ. ಹೆದೆಯೂ ನರದ್ದೇ, ಕಪ್ಪು ಗಾಜುಗಲ್ಲಿನ ಅಲಗನ್ನು ಬಾಣಕ್ಕೆ ಕಟ್ಟುವುದೂ ನರದಿಂದಲೇ. ಒಂದು ಜಿಂಕೆಯನ್ನು ಹೊಡೆಯಬೇಕಾದರೆ ಅದಕ್ಕೆ ಮೊದಲು ಇನ್ನೊಂದು ಜಿಂಕೆ ಬಿದ್ದಿರಬೇಕು ಎಂಬ ಈ ಸರಪಳಿಯನ್ನು ಪೋಪನು ಗಮನಿಸಿದಂತೆ ತೋರದು. ವಿವರಗಳನ್ನು ಪ್ರಾಮಾಣಿಕವಾಗಿ ಕೊಟ್ಟಿರುವುದರಿಂದ ವಾಚಕನೇ ಕಂಡುಕೊಳ್ಳುತ್ತಾನೆ.

ಬಿಲ್ಲಿನ ಆಚಾರವೂ ಇಲ್ಲಿ ಬರುತ್ತದೆ. ಕೆಲಸವಿಲ್ಲದಾಗ ಬಿಲ್ಲನ್ನು ಮಲಗಿಸಿಡಬೇಕು. ನಿಲ್ಲಿಸಿದರೆ ಅದು ದುಡಿಯುತ್ತಲೇ ಇದ್ದು, ಬೆವರಿ, ಬಲಗುಂದುತ್ತದೆಂದು ಇಶಿಯ ನಂಬಿಕೆ. ಬಿಲ್ಲಿನ ಒಂದು ತುದಿಯನ್ನು ಬಾಯಿಗೆ ಹಿಡಿದು, ಹೆದೆಯನ್ನು ಬಾಣದಿಂದ ಮೆಲ್ಲನೆ ಮಿಡಿದು ಆತನು ನಾದವನ್ನೂ ಎಬ್ಬಿಸುತ್ತಿದ್ದನು. ಇಂಥವುಗಳನ್ನು ಮೂಢನಂಬಿಕೆಯೆಂದು ತಳ್ಳದೆ ದಾಖಲಿಸಿದ್ದು ಗ್ರಂಥಕರ್ತನ ಸೌಜನ್ಯ.

ಬೇಟೆಯ ಕ್ರಮವನ್ನು ಹೇಳುವ ಅಧ್ಯಾಯ ಇನ್ನೂ ಮೇಲಾದುದು. ಜಿಂಕೆಯ ಬೇಟೆಗೆ ಹೊರಡುವ ಮುನ್ನ ಇಶಿ ಮೀನು ತಿನ್ನುವುದಿಲ್ಲ, ತಂಬಾಕು ಸೇದುವುದಿಲ್ಲ. ನಸುಕಿನಲ್ಲೆದ್ದು ಹೊಳೆಯಲ್ಲಿ ಮಿಂದು, ಸುವಾಸನೆಯ ಎಲೆಗಳಿಂದ ಮೈಯುಜ್ಜಿಕೊಂಡು, ಬಾಯಿ ತೊಳೆದು, ನೀರು ಕುಡಿದು, ಏನನ್ನೂ ತಿನ್ನದೆ ಹೊರಡುತ್ತಾನೆ. ಇದನ್ನು ವ್ರತವೆನ್ನುವುದೋ, ಮೃಗದ ಮೂಗಿಗೆ ಮನುಷ್ಯನ ವಾಸನೆ ಸಿಗದಂತೆ ಮಾಡುವ ಜಾಣ್ಮೆಯೆನ್ನುವುದೋ? ಇಶಿಗೆ ಆ ಭೇದವೇ ಇದ್ದಂತಿಲ್ಲ. ಗಾಳಿಗೆ ಎದುರಾಗಿ ನಡೆಯಬೇಕು. ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕು. ಅಳಿಲು ಬೆದರಿ ಕೂಗಿತೆಂದರೆ ಇಡೀ ಕಾಡಿಗೆ ಸುದ್ದಿ ಮುಟ್ಟಿತು. ಎಲೆಯೊಂದನ್ನು ಮಡಿಸಿ ತುಟಿಗಳ ನಡುವೆ ಹಿಡಿದು, ಗಾಳಿಯನ್ನು ಸೆಳೆದು, ಮರಿಯ ಕೂಗನ್ನು ಅನುಕರಿಸಿ ಜಿಂಕೆಯನ್ನು ಹತ್ತಿರಕ್ಕೆ ಬರಮಾಡಿಕೊಳ್ಳುವುದುಂಟು. ತುಂಬಿದ ಜಿಂಕೆಯ ತಲೆಯನ್ನು ತನ್ನ ತಲೆಗೆ ಧರಿಸಿ ಪೊದೆಯ ಮರೆಯಿಂದ ಮೆಲ್ಲಗೆ ಏಳಿಸುವುದುಂಟು. ಎಲ್ಲವೂ ಮುಗಿದ ಮೇಲೆ, ಕೆಲವೇ ಮಾರುಗಳ ದೂರದಿಂದ, ಮಂಡಿಯೂರಿ, ಒಂದು ಬಾಣ. ಬಾಣವು ಗುಂಡಿನಂತೆ ಬಡಿದು ಕೆಡಹುವುದಿಲ್ಲ. ಕೊಯ್ದು, ನೆತ್ತರು ಹರಿಸಿ ಕೊಲ್ಲುತ್ತದೆ. ದೂರ ಹೆಚ್ಚಿದಷ್ಟೂ ಗುರಿ ತಪ್ಪಿ, ಗಾಯಗೊಂಡ ಮೃಗವು ಎಲ್ಲಿಯೋ ಹೋಗಿ ನರಳಿ ಸಾಯುವ ಪಾಪ ಹೆಚ್ಚು. ಹತ್ತಿರವಾಗುವುದೇ ಈ ವಿದ್ಯೆ. ಬಾಣ ಬಿಡುವುದು ಅದರ ಕಟ್ಟಕಡೆಯ ಗಳಿಗೆ.

ಇಲ್ಲಿಗೆ ಗ್ರಂಥದ ಒಳಗಣ ವಿರೋಧವನ್ನು ನೋಡಬೇಕು. ಆಂಗ್ಲ ಪದ್ಧತಿಯ ಗುರಿಯ ಹಲಗೆಯನ್ನು ನಿಲ್ಲಿಸಿ ಇಶಿಯ ಕೌಶಲವನ್ನು ಪರೀಕ್ಷಿಸಿದಾಗ ಆತನು ಸಾಧಾರಣ ಬಿಲ್ಲುಗಾರನಾಗಿ ಕಂಡನಂತೆ. ಪೋಪನೇ ಕಾರಣವನ್ನು ಹೇಳುತ್ತಾನೆ: ಹಲಗೆಯು ತೀರ ದೊಡ್ಡದಾಗಿದ್ದು, ಅದರ ಬಣ್ಣಬಣ್ಣದ ವೃತ್ತಗಳು ಆತನ ಗಮನವನ್ನು ಚೆದರಿಸಿದವು. ಎಷ್ಟು ಸೂಕ್ಷ್ಮವಾದ ಮಾತು! ಸಣ್ಣ ಹಕ್ಕಿಯ ಗಾತ್ರದ ಗುರಿಯ ಮೇಲೆ ಕಣ್ಣು ನೆಟ್ಟು ಬದುಕಿದವನಿಗೆ ಅಷ್ಟು ಅಗಲವಾದ ಹಲಗೆ ಗುರಿಯೇ ಅಲ್ಲ. ಆದರೆ ಇಷ್ಟನ್ನು ಕಂಡವನು ಮುಂದಿನ ಹೆಜ್ಜೆಯನ್ನಿಡಲಿಲ್ಲ. ದೋಷವು ಅಳತೆಗೋಲಿನದು ಎಂದು ತಿಳಿದ ಮೇಲೂ ಅದೇ ಅಳತೆಗೋಲನ್ನು ಕೈಬಿಡದೆ, ಮುಂದಿನ ಅಧ್ಯಾಯಗಳಲ್ಲಿ ತನ್ನ ಹಾಗೂ ತನ್ನ ಗೆಳೆಯರ ಸಾಧನೆಯನ್ನು ಗಜಗಳ ಲೆಕ್ಕದಲ್ಲಿ ಉತ್ಸಾಹದಿಂದ ಎಣಿಸುತ್ತಾನೆ. ಗುರುವಿನ ಗಿಡ್ಡ ಬಿಲ್ಲು ಬದಿಗೆ ಸರಿದು ಇಂಗ್ಲೆಂಡಿನ ಉದ್ದ ಬಿಲ್ಲು ಬರುತ್ತದೆ. ಜಿಂಕೆಯ ಬಳಿಕ ಪರ್ವತದ ಸಿಂಹ, ಅದರ ಬಳಿಕ ಕರಡಿ. ೧೯೨೦ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನ ಅಕಾಡೆಮಿಗಾಗಿ ಗ್ರಿಜ್ಲಿ ಕರಡಿಗಳನ್ನು ಬಾಣದಿಂದ ಕೊಂದ ಕಥೆಯನ್ನು ಓದುವಾಗ ರೋಮಾಂಚವಾಗುವುದು ನಿಜ. ಆದರೆ ಮೊದಲ ಅಧ್ಯಾಯಗಳಲ್ಲಿ ಮಿಂದು ಉಪವಾಸವಿದ್ದು ಕಾಡಿಗೆ ಹೋಗುತ್ತಿದ್ದ ಮನುಷ್ಯನು ಅಲ್ಲೆಲ್ಲಿಯೂ ಇಲ್ಲ. ಸಾಹಸವು ಬೆಳೆಯಿತು, ಸಂಯಮವು ಹಿಂದುಳಿಯಿತು. ವಿದ್ಯೆಯ ಉಪಕರಣವನ್ನೂ ಕೌಶಲವನ್ನೂ ಪಡೆದ ಶಿಷ್ಯನಿಗೆ ಅದರ ಕಟ್ಟು ಬೇಡವಾಯಿತೆಂಬುದೇ ಈ ಗ್ರಂಥದ ಮೇಲೆ ಹೊರಿಸಬೇಕಾದ ಮುಖ್ಯ ಆಕ್ಷೇಪ.

ಪೋಪನ ಪರವಾಗಿಯೂ ಹೇಳಬೇಕಾದುದುಂಟು. ೧೯೧೮ರಲ್ಲಿ ಆತನು ಪ್ರಕಟಿಸಿದ ಯಾಹಿ ಬಿಲ್ಲುವಿದ್ಯೆಯ ಪ್ರಬಂಧವೂ ಈ ಗ್ರಂಥವೂ ಇರದಿದ್ದರೆ ಆ ವಿದ್ಯೆಯ ಬಹುಭಾಗ ಇಶಿಯೊಡನೆಯೇ ಮುಗಿಯುತ್ತಿತ್ತು. ಇಶಿಯ ಕಣ್ಣಿಗೆ ತಾವೆಲ್ಲ ಚತುರರಾದರೂ ವಿವೇಕವಿಲ್ಲದ ಮಕ್ಕಳಂತಿದ್ದೆವೆಂದು ಆತನು ಒಪ್ಪಿಕೊಂಡಿದ್ದಾನೆ. ಯಾಹಿ ಜನರ ನಾಶವನ್ನೂ ಮುಚ್ಚಿಟ್ಟಿಲ್ಲ. ಆದರೆ ಅವಸರದಿಂದ ದಾಟಿಹೋಗಿದ್ದಾನೆ. ಆ ಕೊರತೆಯನ್ನು ತುಂಬಿದವಳು ಕ್ರೋಬರನ ಪತ್ನಿ ಥಿಯೊಡೋರಾ. ಆಕೆಯ 'ಇಶಿ ಇನ್ ಟೂ ವರ್ಲ್ಡ್ಸ್' ೧೯೬೧ರಲ್ಲಿ ಬಂದಿತು. ಎರಡನ್ನೂ ಜೊತೆಗಿಟ್ಟು ಓದುವುದು ಲೇಸು.

ಇಶಿ ಕ್ಷಯರೋಗದಿಂದ ೧೯೧೬ರ ಮಾರ್ಚ್ ೨೫ರಂದು ತೀರಿಕೊಂಡನು. ಕೊನೆಯವರೆಗೂ ಉಪಚರಿಸಿದವನು ಪೋಪನೇ. ಬಿಲ್ಲು, ಬಾಣ, ಒಣಗಿಸಿದ ಜಿಂಕೆಯ ಮಾಂಸ, ತಂಬಾಕು, ಬೆಂಕಿ ಕಡೆಯುವ ಕಡ್ಡಿ ಇವುಗಳೊಡನೆ ಆತನ ದೇಹವನ್ನು ದಹಿಸಿದ ವಿವರವನ್ನು ಗ್ರಂಥದಲ್ಲಿ ಕನಿಕರದಿಂದ ಬರೆದಿದ್ದಾನೆ. ಓದುವವನ ಕಣ್ಣು ತೇವವಾಗುತ್ತದೆ. ಆದರೆ ಅದಕ್ಕೆ ಮುಂಚೆ ನಡೆದ ಶವಪರೀಕ್ಷೆಯ ವಿವರ ಬೇಕಾದವರು ಅದೇ ಪೋಪನು ೧೯೨೦ರಲ್ಲಿ ಪ್ರಕಟಿಸಿದ ಇಶಿಯ ವೈದ್ಯಕೀಯ ಚರಿತ್ರೆಗೆ ಹೋಗಬೇಕು. ಶವವನ್ನು ಕೊಯ್ಯಬಾರದೆಂದು ಆಗ ನ್ಯೂಯಾರ್ಕಿನಲ್ಲಿದ್ದ ಕ್ರೋಬರನು ಬರೆದು ತಡೆಯಲು ಯತ್ನಿಸಿದ್ದನು, ಅದು ಫಲಿಸಲಿಲ್ಲ. ಮೆದುಳನ್ನು ತೆಗೆದು ಕಾದಿರಿಸಲಾಯಿತು. ಮುಂದೆ ಅದನ್ನು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿಕೊಟ್ಟವನು, ವಿಚಿತ್ರವೆಂದರೆ, ಅದೇ ಕ್ರೋಬರನು.

ಇಶಿ ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಿದ್ದನೆಂದು ಗ್ರಂಥದಲ್ಲಿ ಓದಿದ ಕನ್ನಡಿಗನಿಗೆ ಏಕಲವ್ಯನ ನೆನಪಾಗದೆ ಇರದು. ಭಾರತದ ಕಥೆಯಲ್ಲಿ ಕಾಡಿನವನು ಶಿಷ್ಯ, ನಾಡಿನವನು ಗುರು. ದಕ್ಷಿಣೆಯೆಂದು ಶಿಷ್ಯನ ಅಂಗವೊಂದು ಹೋಯಿತು. ಇಲ್ಲಿ ಕಾಡಿನವನೇ ಗುರು, ನಾಡಿನವನೇ ಶಿಷ್ಯ. ಸಂಬಂಧ ತಿರುವುಮುರುವಾದರೂ ಅಂಗವನ್ನು ಕಳೆದುಕೊಂಡವನು ಕಾಡಿನವನೇ. ಏಕಲವ್ಯನಾದರೂ ತಾನೇ ಕೊಯ್ದುಕೊಟ್ಟನು. ಇಶಿಯನ್ನು ಯಾರೂ ಕೇಳಲಿಲ್ಲ.

ಬಹುಕಾಲ ಮರೆಯಾಗಿದ್ದ ಆ ಅಂಗವು ೧೯೯೯ರಲ್ಲಿ ಪತ್ತೆಯಾಗಿ, ೨೦೦೦ದ ಆಗಸ್ಟಿನಲ್ಲಿ ರೆಡ್ಡಿಂಗ್ ರ‍್ಯಾಂಚೆರಿಯಾ ಹಾಗೂ ಪಿಟ್ ರಿವರ್ ಪಂಗಡದವರ ಕೈಸೇರಿತು. ಚಿತಾಭಸ್ಮವೂ ಅದರೊಡನೆ ಕೂಡಿತು. ಅವರು ಅವೆರಡನ್ನೂ ಹೊರಗಿನವರಿಗೆ ತಿಳಿಯದ ಸ್ಥಳವೊಂದರಲ್ಲಿ ಮಣ್ಣುಮಾಡಿದರು. ೨೦೨೧ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯವು ತನ್ನ ಕಟ್ಟಡವೊಂದಕ್ಕಿದ್ದ ಕ್ರೋಬರನ ಹೆಸರನ್ನು ತೆಗೆದುಹಾಕಿತು. ಪೋಪನ ಗ್ರಂಥಕ್ಕೆ ನೂರು ವರ್ಷ ಸಂದಿದೆ. ಬಿಲ್ಲು ಹಿಡಿಯುವ ಹೊಸಬರು ಅದನ್ನು ಈಗಲೂ ಓದುತ್ತಾರೆ. ಓದುವವರಲ್ಲಿ ಹೆಚ್ಚಿನವರು ೧೯೨೦ರ ಆ ವೈದ್ಯಕೀಯ ಪ್ರಬಂಧವನ್ನು ತೆರೆದು ನೋಡಿರಲಾರರು. ಎಂದಾದರೂ ಈ ಗ್ರಂಥವನ್ನು ಕನ್ನಡಕ್ಕೆ ತರುವ ಸಾಹಸ ಮಾಡುವವರು ಕರಡಿಯ ಅಧ್ಯಾಯಗಳನ್ನು ಬಿಟ್ಟರೂ ನಷ್ಟವಿಲ್ಲ. ಮೊದಲ ಮೂರು ಅಧ್ಯಾಯಗಳನ್ನು ಅಳತೆಯ ಪದಗಳು ಕೆಡದಂತೆ ಅನುವಾದಿಸಿ, ಆ ವೈದ್ಯಕೀಯ ಪ್ರಬಂಧವನ್ನು ಅನುಬಂಧವಾಗಿ ಸೇರಿಸಿದರೆ ಸಾಕು.