ಎರಡು ಊರುಗಳ ನಡುವಿನ ಆರು ಮೈಲಿ

ಇಂಗ್ಲೆಂಡಿನ ಕಾಟ್ಸ್‌ವಲ್ಡ್ಸ್ ನೋಡಲು ಬರುವ ನಮ್ಮವರು ಸಾಮಾನ್ಯವಾಗಿ ಕಾರಿನಲ್ಲಿ ಬರುತ್ತಾರೆ. ಜೇನುಬಣ್ಣದ ಕಲ್ಲಿನ ಮನೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮತ್ತೆ ಕಾರು ಹತ್ತುತ್ತಾರೆ. ಚಿಪ್ಪಿಂಗ್ ಕ್ಯಾಂಪ್ಡನ್ ಆಯಿತು, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬ್ರಾಡ್‌ವೇ ಕೂಡ ಆಯಿತು. ಆ ಎರಡರ ನಡುವೆ ಸುಮಾರು ಆರು ಮೈಲಿ ಕಾಲುದಾರಿ ಇದೆ. ನನ್ನನ್ನು ಕೇಳಿದರೆ ನೋಡಬೇಕಾದದ್ದು ಅದನ್ನು. ಗುಂಪು ಕಟ್ಟಿಕೊಂಡು ನಡೆಸುವವನ ಕಸುಬೂ ಗೊತ್ತಾಗುವುದು ಅಲ್ಲಿಯೇ.

ಹಾಗಾಗಿ ಕ್ಯಾಂಪ್ಡನ್‌ನಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ. 1627ರಲ್ಲಿ ಕಟ್ಟಿದ ಸಂತೆಮಂಟಪದ ಬಳಿ ಎಲ್ಲರೂ ಸೇರುತ್ತೇವೆ. ಬಾತ್ ನಗರದವರೆಗೆ 102 ಮೈಲಿ ಹೋಗುವ ಕಾಟ್ಸ್‌ವಲ್ಡ್ ವೇ ಎಂಬ ಕಾಲುದಾರಿ ಹೊರಡುವುದು ಇಲ್ಲಿಂದ. 1401ರಲ್ಲಿ ತೀರಿಕೊಂಡ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ ಮನೆ ಇದೇ ಬೀದಿಯಲ್ಲಿ ಇನ್ನೂ ನಿಂತಿದೆ. ಊರಿನ ವೈಭವವೆಲ್ಲ ಕುರಿಯ ಬೆನ್ನಿನ ಮೇಲೆ ಬಂದದ್ದು ಎಂದಿಷ್ಟು ಹೇಳಿ ಮುಗಿಸುತ್ತೇನೆ. ಚರಿತ್ರೆಯನ್ನೆಲ್ಲ ಇಲ್ಲೇ ಸುರಿದುಬಿಟ್ಟರೆ ಕೇಳುವವರ ಕಾಲು ತಣ್ಣಗಾಗುತ್ತದೆ.

ಊರು ದಾಟಿ ಮೊದಲ ಹೊಲಕ್ಕೆ ಇಳಿಯುವಾಗ ಗುಂಪಿನಲ್ಲಿ ಯಾರಾದರೂ ಅಳುಕಿಯೇ ಅಳುಕುತ್ತಾರೆ. "ಸಾರ್, ಇದು ಯಾರದೋ ಹೊಲ ಅಲ್ವಾ? ಬೈಯಲ್ವಾ?" ಹೊಲ ಅವರದೇ, ದಾರಿ ಮಾತ್ರ ಎಲ್ಲರದು. ಇಲ್ಲಿನ ಕಾಲುದಾರಿಗಳಿಗೆ ಕಾನೂನಿನ ಬಲವಿದೆ. ಹೊಲದ ನಡುವೆ ಹಾಯುವ ದಾರಿಯನ್ನು ರೈತ ಉತ್ತರೂ ಸಾಮಾನ್ಯವಾಗಿ 14 ದಿನದೊಳಗೆ, ಕನಿಷ್ಠ 1 ಮೀಟರ್ ಅಗಲಕ್ಕೆ, ಮತ್ತೆ ನಡೆಯಲು ಬರುವಂತೆ ಮಾಡಿಕೊಡಬೇಕು. ದಾರಿ ತೋರಿಸುವ ಗುರುತುಗಳಲ್ಲಿ ಹಳದಿ ಬಾಣ ಬರೀ ನಡೆಯುವವರಿಗೆ, ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳಿಗೂ ದಾರಿ. ಓಕ್ ಮರದ ಕಾಯಿಯ ಗುರುತು ಕಂಡರೆ ಅದು ರಾಷ್ಟ್ರೀಯ ಹಾದಿ. ಇಷ್ಟು ಹೇಳಿದ ಮೇಲೆ ಜನರ ನಡಿಗೆಯೇ ಬದಲಾಗುತ್ತದೆ. ಕೆಲವರದು ಅತಿಯಾಗಿಯೂ ಬದಲಾಗುತ್ತದೆ, ಪೈರಿನ ನಡುವೆ ಅಕ್ಕಪಕ್ಕ ಹರಟುತ್ತಾ ಹೊರಡುತ್ತಾರೆ. ಅಂಥವರನ್ನು ಒಬ್ಬರ ಹಿಂದೆ ಒಬ್ಬರು ಎಂದು ಸಾಲಿಗೆ ತರಬೇಕು.

ಮುಂದಾಳಿನ ಪರೀಕ್ಷೆ ನಡೆಯುವುದು ಗೇಟಿನಲ್ಲಿ. ಇಲ್ಲಿಯ ಕಿಸ್ಸಿಂಗ್ ಗೇಟ್ ಅರ್ಧವೃತ್ತದ ಕಟಕಟೆಯೊಳಗೆ ತೂಗಾಡುವ ಸಣ್ಣ ಬಾಗಿಲು. ಒಬ್ಬರು ಒಳಗೆ ಬಂದು ಮೂಲೆಗೆ ಸರಿದು, ಬಾಗಿಲನ್ನು ಈ ಕಡೆ ತಳ್ಳಿ, ಆ ಕಡೆಯಿಂದ ಹೊರಬೀಳಬೇಕು. ಕುರಿಗೆ ಈ ವಿದ್ಯೆ ಬಾರದು. ಬೆನ್ನಿನ ಚೀಲ ದಪ್ಪಗಿದ್ದರೆ ಮನುಷ್ಯರಿಗೂ ಕಷ್ಟವೇ. ಇಪ್ಪತ್ತು ಜನ ದಾಟಲು ಎಷ್ಟೋ ನಿಮಿಷ ಬೇಕು. ಮೊದಲು ದಾಟಿದವನು ಹಾಗೇ ಹೆಜ್ಜೆ ಹಾಕಿದರೆ ಕೊನೆಯವರು ದಾಟುವಾಗ ಅವನು ಮುಂದಿನ ಹೊಲದಲ್ಲಿರುತ್ತಾನೆ. ಹಿಂದುಳಿದವರು ಓಡೋಡಿ ಬಂದು ಸೇರಿಕೊಳ್ಳುವ ಹೊತ್ತಿಗೆ, ಸುಧಾರಿಸಿಕೊಂಡು ನಿಂತಿದ್ದ ಮುಂದಿನವರು ಮತ್ತೆ ಹೊರಟಿರುತ್ತಾರೆ. ಅಂದರೆ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ. ಅದಕ್ಕೇ ಕೊನೆಯವರು ಬಂದು ನೀರು ಕುಡಿದು ಬಾಟಲಿ ಮುಚ್ಚುವವರೆಗೂ ನಾನು ಹೊರಡುವುದಿಲ್ಲ. ಗುಂಪಿನಲ್ಲಿ ಅತ್ಯಂತ ಗಟ್ಟಿಗರನ್ನು ಹುಡುಕಿ ಬಾಲಕ್ಕೆ ಹಾಕುತ್ತೇನೆ. ಅವರಿಗೆ ಬೇಸರವಾಗುತ್ತದೆ, ಆಗಲಿ.

ನಡೆಯಲು ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕವನ್ನು ಈಗಲೂ ಬಳಸುತ್ತಾರೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 100 ಮೀಟರ್ ಏರಿಗೆ ಮೇಲೆ 10 ನಿಮಿಷ. ಅದರ ಪ್ರಕಾರ ಈ ದಾರಿ ಎರಡೂವರೆ ಗಂಟೆಯದು. ಆದರೆ ನೇಸ್ಮಿತ್ ಸಾಹೇಬರ ಲೆಕ್ಕದಲ್ಲಿ ಗೇಟು, ಸೆಲ್ಫಿ, ಪುಳಿಯೋಗರೆ ಯಾವುದೂ ಇಲ್ಲ. ನಾನು ಎರಡರಷ್ಟು ಹಿಡಿಯುತ್ತೇನೆ.

ಪುಳಿಯೋಗರೆಗೆ ಡೋವರ್ಸ್ ಹಿಲ್ ಪ್ರಶಸ್ತ. 1612ರ ಸುಮಾರಿಗೆ ರಾಬರ್ಟ್ ಡೋವರ್ ಎಂಬ ವಕೀಲ ಇಲ್ಲಿ 'ಒಲಿಂಪಿಕ್' ಆಟಗಳನ್ನು ನಡೆಸಲು ಶುರುಮಾಡಿದ. ಆಧುನಿಕ ಒಲಿಂಪಿಕ್ಸ್ ಹುಟ್ಟುವುದಕ್ಕೆ ಇನ್ನೂರೆಂಬತ್ತು ವರ್ಷಕ್ಕೂ ಮೊದಲಿನ ಮಾತು. 19ನೇ ಶತಮಾನದಲ್ಲಿ ನಿಂತುಹೋಗಿ 1951ರಲ್ಲಿ ಮತ್ತೆ ಜೀವ ಪಡೆದ ಈ ಆಟಗಳಲ್ಲಿ ಮೊಣಕಾಲಿನ ಕೆಳಗೆ ಒದೆಯುವ ಪಂದ್ಯವೂ ಒಂದು. ಪ್ಯಾಂಟಿನೊಳಗೆ ಹುಲ್ಲು ತುರುಕಿಕೊಂಡು ಗಂಡಸರು ಒಬ್ಬರನ್ನೊಬ್ಬರು ಒದೆಯುತ್ತಾರೆ. ಇದನ್ನು ಊಟವಾದ ಮೇಲೆ ಹೇಳಬೇಕು, ಮೊದಲೇ ಹೇಳಿದರೆ ಮಕ್ಕಳು ಪ್ರಯೋಗಕ್ಕೆ ನಿಲ್ಲುತ್ತಾರೆ.

ಆಮೇಲೆ ಮೈಲ್ ಡ್ರೈವ್, ಉದ್ದಕ್ಕೂ ಅಗಲವಾದ ಹುಲ್ಲುಹಾಸು. ಇಲ್ಲಿ ಸಾಲು ಬಿಡಿಸಿ ಬೇಕಾದವರ ಜೊತೆ ಹರಟಲು ಬಿಡುತ್ತೇನೆ, ನಾನು ಸುಮ್ಮನಿರುತ್ತೇನೆ. ಫಿಶ್ ಹಿಲ್ ಬಳಿ ಎ44 ರಸ್ತೆ ದಾಟುವಾಗ ಮಾತ್ರ ಎಲ್ಲರೂ ಒಟ್ಟಿಗೆ.

ಮುಂದೆ 312 ಮೀಟರ್ ಎತ್ತರದ ಗುಡ್ಡದ ಮೇಲೆ ಬ್ರಾಡ್‌ವೇ ಟವರ್. 18ನೇ ಶತಮಾನದ ಕೊನೆಗೆ ಜೇಮ್ಸ್ ವ್ಯಾಟ್ ವಿನ್ಯಾಸ ಮಾಡಿದ ಇದು ಕೋಟೆಯಂತೆ ಕಂಡರೂ ಕೋಟೆಯಲ್ಲ, ಸಿರಿವಂತರ ಶೋಕಿ. ಪಕ್ಕದಲ್ಲೇ ನೆಲದಡಿಯಲ್ಲಿ, ಅಣುಬಾಂಬ್ ಬಿದ್ದರೆ ಗುರುತಿಸಿ ವರದಿ ಮಾಡಲು ಶೀತಲ ಸಮರದ ಕಾಲದಲ್ಲಿ ತೋಡಿದ ಬಂಕರ್ ಇದೆ. ಆದರೆ ನಾನು ಮಾತು ಕೂಡಿಟ್ಟುಕೊಂಡು ಬರುವುದು ವಿಲಿಯಂ ಮಾರಿಸ್‌ಗಾಗಿ. ಕವಿ, ಕುಶಲಕರ್ಮಿ ಮಾರಿಸ್ 1876ರಲ್ಲಿ ಗೆಳೆಯರೊಂದಿಗೆ ಈ ಗೋಪುರದಲ್ಲಿ ತಂಗಿದ್ದ. ಮರುವರ್ಷ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಕೊನೆಗಾಲದಲ್ಲಿ ಅವನು ಪುಸ್ತಕ ಅಚ್ಚು ಹಾಕಲು ಬಳಸಿದ ಕೈ ಮುದ್ರಣಯಂತ್ರ, ನಾವು ಬೆಳಿಗ್ಗೆ ಹೊರಟ ಊರಿನ ಪಕ್ಕದ ಬ್ರಾಡ್ ಕ್ಯಾಂಪ್ಡನ್‌ನಲ್ಲಿ ಆನಂದ ಕುಮಾರಸ್ವಾಮಿಯವರ ಕೈಸೇರಿತ್ತು. ಹೌದು, ನಟರಾಜನ ನೃತ್ಯದ ಬಗ್ಗೆ ಬರೆದ ಅದೇ ಕುಮಾರಸ್ವಾಮಿ. ಸಿಂಹಳದ ಮಧ್ಯಯುಗದ ಕಲೆಯ ಕುರಿತ ತಮ್ಮ ಪುಸ್ತಕವನ್ನು 1908ರಲ್ಲಿ ಅವರು ಹೊರತಂದದ್ದು ಆ ಯಂತ್ರದಲ್ಲಿ. ಬೆಳಿಗ್ಗೆಯೇ ಹೇಳಿದ್ದರೆ ಇದೊಂದು ಮಾಹಿತಿಯಾಗುತ್ತಿತ್ತು. ಇಲ್ಲಿ ಹೇಳಿದರೆ ಎಲ್ಲರೂ ಬಂದ ದಾರಿಯತ್ತ ಹೊರಳಿ ನೋಡುತ್ತಾರೆ.

ಉಳಿದದ್ದು ಬ್ರಾಡ್‌ವೇಗೆ ಸುಮಾರು 200 ಮೀಟರ್ ಇಳಿಜಾರು, ಕುರಿಗಳ ನಡುವೆ. ಬ್ರಾಡ್‌ವೇಯಿಂದ ಹೊರಟು ಏರುವುದೇ ವಾಸಿ, ದಣಿದ ಮಂಡಿಗೆ ಇಳಿಜಾರು ಶಿಕ್ಷೆ ಎನ್ನುವವರಿದ್ದಾರೆ. ಮಳೆ ಬಿದ್ದ ಮಾರನೆಯ ದಿನ ನಾನೂ ಒಪ್ಪುತ್ತೇನೆ. ಒಣಗಿದ ದಿನ ಈ ದಿಕ್ಕೇ ಸರಿ. ಒಂದೇ ಷರತ್ತು, ಕ್ಯಾಂಪ್ಡನ್‌ಗೆ ಮರಳುವ ಬಸ್ಸಿನ ವೇಳೆಯನ್ನು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ, ಭಾನುವಾರವಾದರೆ ಎರಡು ಸಲ.