ಐವತ್ತಕ್ಕೆ ಹಿಡಿದ ಸ್ಟೇರಿಂಗ್

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬಂದರಿನಿಂದ ಹೊರಟು 880ನೇ ಹೆದ್ದಾರಿ ತುಂಬುವ ಲಾರಿಗಳಿಗೆ ಹಿಡಿಶಾಪ ಹಾಕುವವರೇ ಹೆಚ್ಚು. ನಗರದೊಳಗಿನ 580ರಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ, ಪಾಪ ಅವು ಇನ್ನೆಲ್ಲಿ ಹೋದಾವು? ನನಗಂತೂ ಆ ಚಾಲಕರ ಮೇಲೆ ಗೌರವ. ಅದರಲ್ಲೂ ನಲವತ್ತು, ಐವತ್ತು ದಾಟಿದ ಮೇಲೆ ಕಚೇರಿ ಕೆಲಸ ಬಿಟ್ಟು ಈ ವಿದ್ಯೆ ಕಲಿತವರ ಮೇಲೆ.

ಮೊದಲ ಪಾಠವೇ ತಪಾಸಣೆ. ಎಂಜಿನ್ ಆರಿಸಿ, ಬ್ರೇಕ್ ಪೆಡಲ್ ಒತ್ತಿ ಹಿಡಿದು ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಬೇಕು; ಒಂದು ನಿಮಿಷದಲ್ಲಿ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಆಮೇಲೆ ಪೆಡಲ್ ತುಳಿತುಳಿದು ಗಾಳಿ ಖಾಲಿ ಮಾಡುತ್ತ ಹೋದರೆ ಎಚ್ಚರಿಕೆಯ ಸದ್ದು ಬರಬೇಕು, ಇನ್ನೂ ಇಳಿದಾಗ ಸ್ಪ್ರಿಂಗ್ ಬ್ರೇಕು ತಾನಾಗಿಯೇ ಕಚ್ಚಿಕೊಳ್ಳಬೇಕು. ಗಾಳಿ ಹೋದರೆ ಗಾಡಿ ನಿಲ್ಲುತ್ತದೆ. ಎಂಥ ಒಳ್ಳೆಯ ಯೋಚನೆ!

ಕಷ್ಟವೆಲ್ಲ ರಿವರ್ಸಿನಲ್ಲಿ. 53 ಅಡಿಯ ಟ್ರೇಲರ್ ಎಡಕ್ಕೆ ಹೊರಳಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ವರ್ಷಗಟ್ಟಲೆ ಕಾರು ಓಡಿಸಿದ ಕೈಗೆ ಇದು ಬೇಗ ಒಗ್ಗುವುದಿಲ್ಲ. ಸ್ಟೇರಿಂಗಿನ ಕೆಳಭಾಗ ಹಿಡಿದರೆ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ ಎಂಬುದು ಕಲಿಸುವವರು ಹೇಳಿಕೊಡುವ ಉಪಾಯ. ಸಂಶಯ ಬಂದರೆ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ನೋಡಿ ಬರಬೇಕು. ಈ ತಾಳ್ಮೆ ನಡುವಯಸ್ಸಿನವರಿಗೆ ಚೆನ್ನಾಗಿ ಒಲಿಯುತ್ತದೆ ಎಂದೇ ನನ್ನ ನಂಬಿಕೆ.

80ನೇ ಹೆದ್ದಾರಿಯಲ್ಲಿ 7,239 ಅಡಿ ಎತ್ತರದ ಡಾನರ್ ಘಟ್ಟ ಹತ್ತಿ, ಸುಮಾರು 36 ಟನ್ ತೂಕವನ್ನು ಕಡಿಮೆ ಗೇರಿನಲ್ಲಿ, ಎಂಜಿನ್ ಬ್ರೇಕಿನ ಹಿಡಿತದಲ್ಲಿ ಇಳಿಸುವುದು ದೊಡ್ಡ ಕೌಶಲ. ಅಂಥ ಲಾರಿಯ ಮುಂದೆ ದಯವಿಟ್ಟು ಕಾರು ನುಗ್ಗಿಸಬೇಡಿ. ಅದಕ್ಕೆ ನಿಲ್ಲಲು ಜಾಗ ಬೇಕು.